ಬಿಳಿ ಶಾಮಿಯಾನದ ಕೆಳಗೊಂದು ಲೇಡೀಸ್ ಹಾಸ್ಟೆಲ್

"ಶನಿವಾರದೊಳಗೆ ತೀರ್ಮಾನ ಮಾಡ್ತೀನಿ. ಅದೂ ಹೆಂಗೆ? ಇಡೀ ಇಂಡಿಯಾದಲ್ಲಿ ಯಾವ ತಂದೇನೂ ಇಲ್ಲೀವರೆಗೂ ಮಾಡಿರ್ಬಾರ್ದು, ಹಂಗೆ!"

ಹೀಗೆಂದು ಮುದ್ದೆಯ ತಟ್ಟೆಯ ಮುಂದೆ ಘೋಷಣೆ ಹೊರಡಿಸಿದವನು ಹಲಸೂರಿನ ಮುನೀಂದ್ರ. ಕೆರೆಯ ಹಿಂದಿನ ಗಲ್ಲಿಯಲ್ಲಿ ಅವನದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಆ ಕಡೆ ಯಾರ ಮನೆಯಲ್ಲಿ ನಾಮಕರಣವಾದರೂ, ಯಾರ ಮನೆಯಲ್ಲಿ ತಿಥಿಯಾದರೂ ಜನ ಕೂರುವುದು ಅವನ ಕೆಂಪು ಕುರ್ಚಿಗಳ ಮೇಲೆಯೇ. ಇಂಥ ಅನುಭವಸ್ಥ ಸುಮ್ಮಸುಮ್ಮನೆ ಘೋಷಣೆ ಮಾಡುತ್ತಾನೆಯೇ? ಮಾಡುತ್ತಾನೆ! ವಾರಕ್ಕೆ ಎರಡು ಸಲ ಮಾಡುತ್ತಾನೆ. ಆದರೆ ಈ ಸಲದ್ದು ಮಗಳ ವಿಷಯ.

ಮಗಳು ಪೂಜಿತಾ ಐದನೇ ಕ್ಲಾಸು ಮುಗಿಸಿದ್ದಳು. ಅವಳನ್ನು ಬೋರ್ಡಿಂಗ್ ಸ್ಕೂಲಿಗೆ ಹಾಕಬೇಕು ಎಂಬ ಹುಳವನ್ನು ಮುನೀಂದ್ರನ ತಲೆಗೆ ಬಿಟ್ಟವನು ಅವನ ಜೀವದ ಗೆಳೆಯ ಆಸಿಮ್. ಫ್ರೇಜರ್ ಟೌನಿನಲ್ಲಿ ಮದುವೆ ಮನೆಗಳಿಗೆ ಬಿರಿಯಾನಿ ಮಾಡಿಕೊಡುವವನು. ಅವನ ಮಗಳು ಅಲಿಯಾ ಬೋರ್ಡಿಂಗ್‌ನಿಂದ ರಜೆಗೆ ಬಂದವಳು, "ಗುಡ್ ಈವ್ನಿಂಗ್ ಅಂಕಲ್" ಎಂದು, ಕುಡಿದ ಲೋಟವನ್ನು ತಾನೇ ತೊಳೆದಿಟ್ಟಳು. ಮುನೀಂದ್ರ ದಂಗಾದ. ತನ್ನ ಮನೆಯಲ್ಲಿ ಲೋಟ ತೊಳೆದಿಟ್ಟ ಮಕ್ಕಳನ್ನು ಅವನು ಈವರೆಗೆ ನೋಡಿರಲಿಲ್ಲ. ತಾನೂ ತೊಳೆದಿರಲಿಲ್ಲ, ಅದು ಬೇರೆ ವಿಷಯ.

ಎರಡು ಸ್ಕೂಲುಗಳ ಅರ್ಜಿ ಬಂದವು. ಒಂದು ಹುಡುಗಿಯರಿಗೆ ಮಾತ್ರ. ಇನ್ನೊಂದು ಕೋ-ಎಡ್. ಎರಡಕ್ಕೂ ಶನಿವಾರವೇ ಕೊನೆ. ಅಲ್ಲಿಂದ ಮನೆಯಲ್ಲಿ ಯುದ್ಧ ಶುರು.

"ಹುಡುಗೀರ ಸ್ಕೂಲೇ ಸೈ," ಎಂದ ಮುನೀಂದ್ರ.

"ಕೋ-ಎಡ್ಡೇ ಆಗ್ಬೇಕು," ಎಂದಳು ಹೆಂಡತಿ ರಮ್ಯಶ್ರೀ. "ನಾನು ಒಂದನೇ ಕ್ಲಾಸಿಂದ ಡಿಗ್ರಿವರೆಗೂ ಬರೀ ಹುಡುಗೀರ ಜೊತೇನೇ ಓದಿದ್ದು. ಏನಾಯ್ತು? ಹತ್ರದಿಂದ ನೋಡಿದ ಮೊದಲನೇ ಗಂಡಸು ನೀವು. ಗಂಡಸ್ರೆಲ್ಲ ಹಿಂಗೇ ಇರ್ತಾರೇನೋ ಅಂತ ಒಪ್ಕೊಂಡ್ಬಿಟ್ಟೆ! ನನ್ ಮಗಳಿಗೆ ಆ ಗತಿ ಬರೋದು ಬೇಡ."

"ನಾನು ಓದಿದ್ದು ಇಬ್ರೂ ಇದ್ದ ಸ್ಕೂಲಲ್ಲಿ ಕಣೇ! ಹುಡುಗ್ರು ಏನೇನ್ ಮಾಡ್ತಾರೆ ಅಂತ ನಂಗೆ ಚೆನ್ನಾಗ್ ಗೊತ್ತು. ಯಾಕಂದ್ರೆ ಅದನ್ನೆಲ್ಲ ನಾನೇ ಮಾಡಿದೀನಿ!"

"ಏನ್ ಮಾಡಿದ್ರಿ?"

"ಅದೇ... ಜಡೆಗೆ ಚೂಯಿಂಗ್ ಗಮ್ಮು..."

"ಯಾರ ಜಡೆಗೆ?"

"ಸಾರು ಹಾಕು," ಎಂದ ಮುನೀಂದ್ರ.

ಕೊನೆಗೆ ಕೋ-ಎಡ್ ಸ್ಕೂಲಿನಲ್ಲೇ ಓದುತ್ತಿದ್ದ ಅಲಿಯಾಳನ್ನು ಸಾಕ್ಷಿಗೆ ಕರೆಸಲಾಯಿತು. "ನಿಮ್ ಸ್ಕೂಲಲ್ಲಿ ಹುಡುಗ್ರಿಂದ ಏನೂ ತೊಂದ್ರೆ ಇಲ್ವಾಮ್ಮ?" ಎಂದು ಮುನೀಂದ್ರ ವಕೀಲನ ಧಾಟಿಯಲ್ಲಿ ಕೇಳಿದ. ಅಲಿಯಾ ಯೋಚಿಸಿ ಹೇಳಿದಳು: "ಅವ್ರು ಏನ್ ತೊಂದ್ರೆ ಕೊಡ್ತಾರೆ ಅಂಕಲ್? ದಿನಾ ಬೆಳಿಗ್ಗೆ ಸಾಕ್ಸ್ ಹುಡುಕೋದ್ರಲ್ಲೇ ಅವ್ರ ಟೈಮ್ ಮುಗ್ದೋಗುತ್ತೆ." ರಮ್ಯಶ್ರೀ ಗಂಡನ ಕಾಲುಗಳ ಕಡೆ ನೋಡಿದಳು. ಒಂದರಲ್ಲಿ ಕರಿ ಸಾಕ್ಸು, ಇನ್ನೊಂದರಲ್ಲಿ ನೀಲಿ.

ಇಷ್ಟಾದ ಮೇಲೇ ಮುನೀಂದ್ರನಿಗೆ ತನ್ನ ವ್ಯಾಪಾರದ ಮಹಾಸೂತ್ರ ನೆನಪಾದದ್ದು. ಮದುವೆಯವರು ಬಂದರೆ ಅವನು ಬರೀ ಮಾತಿನಲ್ಲಿ ಒಪ್ಪಿಸುವವನಲ್ಲ. ಮೊದಲು ಒಂದು ಅಂಕಣದಷ್ಟು ಶಾಮಿಯಾನ ಕಟ್ಟಿ, ನಾಲ್ಕು ಕುರ್ಚಿ ಹಾಕಿ, "ಕೂತ್ಕೊಂಡು ನೋಡಿ ಸಾರ್" ಎನ್ನುತ್ತಾನೆ. ಇದಕ್ಕೆ ಸ್ಯಾಂಪಲ್ ಎಂದು ಹೆಸರು. ಪರರ ಹೆಣ್ಣುಮಕ್ಕಳ ಮದುವೆಗೇ ಸ್ಯಾಂಪಲ್ ಕಟ್ಟಿ ತೋರಿಸುವವನು ಸ್ವಂತ ಮಗಳ ಬೋರ್ಡಿಂಗಿಗೆ ಸ್ಯಾಂಪಲ್ ಕಟ್ಟಬಾರದೇ?

"ಸೋಮವಾರದಿಂದ ಮೂರು ದಿನ ನಮ್ಮನೇಲೇ ಲೇಡೀಸ್ ಹಾಸ್ಟೆಲ್. ಆಮೇಲೆ ಮೂರು ದಿನ ಕೋ-ಎಡ್. ಪುಟ್ಟಿಗೆ ಯಾವುದು ಸರಿಹೋಗುತ್ತೋ ಅದು! ನಾನೇ ವಾರ್ಡನ್."

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅವನ ತಾಯಿ ಪಿಳ್ಳಮ್ಮ ತಲೆಯೆತ್ತಿದರು. "ಲೋ ಮುನೀ, ಹುಡುಗೀರ ಹಾಸ್ಟೆಲ್‌ಗೆ ಗಂಡಸು ವಾರ್ಡನ್ನೇನೋ? ನಾಚ್ಕೆ ಆಗಲ್ವಾ? ನಾನಿರ್ತೀನಿ ವಾರ್ಡನ್ನು. ನೀನು ಆಚೆ ನಡಿ."

ಆಗ ಅವನಿಗೆ ಹೊಳೆಯಿತು. ಅವನ ಹಾಸ್ಟೆಲಿನ ಮೊದಲನೇ ನಿಯಮದ ಪ್ರಕಾರ ಆ ಮನೆಯಿಂದ ಹೊರಗೆ ಹೋಗಬೇಕಾದ ಏಕೈಕ ಪ್ರಾಣಿ ಅವನೇ! ಆದರೆ ಘೋಷಣೆ ಹೊರಟಾಗಿತ್ತು. ಮಾತು ವಾಪಸು ತೆಗೆದುಕೊಂಡರೆ ರಮ್ಯಶ್ರೀ ಅದನ್ನು ಅರುವತ್ತನೇ ವರ್ಷದ ಶಾಂತಿಯವರೆಗೂ ನೆನಪಿಸುತ್ತಾಳೆ.

ಸೋಮವಾರ ಬೆಳಿಗ್ಗೆ ಮನೆಯ ಮುಂದಿನ ಅಂಗಳದಲ್ಲಿ ಅವನಿಗೆಂದು ಕಬ್ಬಿಣದ ಮಂಚ ಬಂತು. ಏಪ್ರಿಲ್ ಬಿಸಿಲು ತಲೆ ಸೀಳುತ್ತಿತ್ತು. ಹಾಗಾಗಿ ಮಂಚದ ಮೇಲೆ ಶಾಮಿಯಾನ ಬೇಕಾಯಿತು. ಬಣ್ಣದ, ಜಾಲರಿಯ ಶಾಮಿಯಾನಗಳೆಲ್ಲ ಮಾರತ್ತಹಳ್ಳಿಯ ಒಂದು ದೊಡ್ಡ ಮದುವೆಗೆ ಹೋಗಿದ್ದವು. ಅಂಗಡಿಯಲ್ಲಿ ಉಳಿದಿದ್ದದ್ದು ಒಂದೇ, ಅಚ್ಚ ಬಿಳಿಯದು. ಅದನ್ನೇ ಕಟ್ಟಿದ. ಬಾಗಿಲಿಗೆ ಅಡ್ಡವಾಗಿ ಬಿಳಿ ಪರದೆ ಇಳಿಬಿಟ್ಟ. "ವಿಸಿಟರ್ಸ್‌ಗೆ" ಎಂದು ಹತ್ತು ಕುರ್ಚಿ ಸಾಲಾಗಿ ಹಾಕಿದ. ಹೆಂಗಸರು ಒಳಗೆ, ಗಂಡಸು ಹೊರಗೆ. ಶಿಸ್ತು ಎಂದರೆ ಇದು ಎಂದು ಎದೆಯುಬ್ಬಿಸಿ ನಿಂತ.

ಹಲಸೂರಿನ ಯಾವ ಮನೆಯ ಮುಂದಿನ ಶಾಮಿಯಾನವನ್ನಾದರೂ ದೂರದಿಂದ ನೋಡಿ ಒಳಗೆ ಏನು ನಡೆದಿದೆ ಎಂದು ಹೇಳಬಲ್ಲ ನಿಪುಣ ಅವನು. ತೋರಣ ಉಂಟೋ ಇಲ್ಲವೋ, ಬಟ್ಟೆ ಯಾವ ಬಣ್ಣ, ಗಂಡಸರು ಎಲ್ಲಿ ಕೂತಿದ್ದಾರೆ, ಅಷ್ಟು ನೋಡಿದರೆ ಸಾಕು. ಅಂಥವನು ತನ್ನ ಮನೆಯ ಮುಂದಿನದನ್ನು ಮಾತ್ರ ರಸ್ತೆಗೆ ಹೋಗಿ ನಿಂತು ನೋಡಲಿಲ್ಲ. ಅದೊಂದು ನೋಡಿದ್ದರೆ ನನಗೆ ಈ ಕಥೆ ಹೇಳುವ ಕೆಲಸವೇ ಇರುತ್ತಿರಲಿಲ್ಲ!

ಪಿಳ್ಳಮ್ಮನವರ ಆಡಳಿತ ಉಗ್ರವಾಗಿತ್ತು. ಬೆಳಿಗ್ಗೆ ಐದೂವರೆಗೆ ಜಾಗಟೆ. ಅರ್ಜಿಯ ಜೊತೆ ಬಂದ ನಿಯಮಾವಳಿಯಲ್ಲಿ ಫೋನುಗಳನ್ನು ವಾರ್ಡನ್ ವಶಕ್ಕೆ ಕೊಡಬೇಕು ಎಂದಿತ್ತು. ಅವರು ಎಲ್ಲರ ಫೋನನ್ನೂ ಕಿತ್ತುಕೊಂಡು ಅಕ್ಕಿ ಡಬ್ಬದಲ್ಲಿ ಹೂತುಬಿಟ್ಟರು.

"ಅಮ್ಮಾ, ನಾನು ಸ್ಟೂಡೆಂಟ್ ಅಲ್ಲ!"

"ಕಾಂಪೌಂಡ್ ಒಳಗಿದೀಯಾ ತಾನೇ? ತಾ ಇಲ್ಲಿ."

ಸಂಜೆ ಐದರಿಂದ ಏಳು ಓದುವ ಹೊತ್ತು. ಆಗ ಪರದೆಯನ್ನು ಒಳಗಿನಿಂದ ಕಟ್ಟಿಬಿಡುವುದು. ಯಾರೂ ಮಾತಾಡುವಂತಿಲ್ಲ, ಯಾರೂ ಒಳಗೆ ಬರುವಂತಿಲ್ಲ. ಉಳಿದ ಹೊತ್ತಿನಲ್ಲಿ ಒಳಗೆ ಸ್ವರ್ಗ! ಮೂವರೂ ಚೌಕಾಬಾರ ಆಡಿದರು. ಹಪ್ಪಳ ಕರಿದುಕೊಂಡು ತಿಂದರು. ರಮ್ಯಶ್ರೀ ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಮಧ್ಯಾಹ್ನ ಮಲಗಿ ಎದ್ದಳು. ಹೊರಗಿನ ಜೀವಕ್ಕೆ ಹೊತ್ತು ಹೊತ್ತಿಗೆ ಪರದೆಯ ಕೆಳಗಿನಿಂದ ತಟ್ಟೆ ಜಾರಿ ಬರುತ್ತಿತ್ತು.

ಮೊದಲನೇ ದಿನ ಮುನೀಂದ್ರ ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರ್ ಓದಿದ. ಎರಡನೇ ದಿನ ಅದೇ ಪೇಪರನ್ನು ಮತ್ತೆ ಓದಿದ. ಮಧ್ಯಾಹ್ನ ಪರದೆಯ ಹತ್ತಿರ ಬಾಯಿಟ್ಟು, "ಪುಟ್ಟೀ, ಊಟ ಆಯ್ತಾ?" ಎಂದು ಪಿಸುಗುಟ್ಟಿದ.

"ವಿಸಿಟರ್ಸ್ ಟೈಮ್ ಭಾನುವಾರ!" ಎಂದು ಒಳಗಿನಿಂದ ಪಿಳ್ಳಮ್ಮನ ಧ್ವನಿ ಬಂತು.

ಮೂರನೇ ದಿನ, ಬುಧವಾರ ಸಂಜೆ, ಅವನ ಸ್ಥಿತಿ ನೋಡುವಂತಿರಲಿಲ್ಲ. ಶೇವಿಂಗ್ ಸಾಮಾನು ಒಳಗೆ, ಆದ್ದರಿಂದ ಮೂರು ದಿನದ ಗಡ್ಡ. ಪ್ಯಾಂಟು ಶರ್ಟು ಒಳಗೆ, ಆದ್ದರಿಂದ ಬಿಳಿ ಪಂಚೆ, ಬನಿಯನ್ನು, ಹೆಗಲ ಮೇಲೆ ಟವೆಲ್ಲು. ಐದು ಗಂಟೆಗೆ ಮುಂಚೆ ಒಳಗೆ ಪೂಜಿತಾ ಚೌಕಾಬಾರದಲ್ಲಿ ಗೆದ್ದು ಕಿಲಕಿಲ ನಕ್ಕಿದ್ದು ಕೇಳಿಸಿತು. ಸಾಮಾನ್ಯವಾಗಿ ಆ ಹೊತ್ತಿಗೆ ಅವಳು ಅಂಗಡಿಗೆ ಬಂದು, ಒಂದರ ಮೇಲೊಂದು ಪೇರಿಸಿದ ಕುರ್ಚಿಗಳ ತುದಿಗೆ ಹತ್ತಿ ಕೂತು, "ಅಪ್ಪಾ, ಇವತ್ತು ಯಾರ ಮದ್ವೆ?" ಎಂದು ವಿಚಾರಿಸಬೇಕು. ಅದೇ ಅವನ ದಿನದ ಸಂಬಳ. ಐದು ಹೊಡೆಯಿತು, ಪರದೆಗೆ ಗಂಟು ಬಿತ್ತು. ಈಗ ನಡುವೆ ಇರುವುದು ಒಂದು ಪರದೆ. ಅಷ್ಟಕ್ಕೇ ಹೀಗಾದರೆ, ಜೂನ್ ತಿಂಗಳಲ್ಲಿ ನಡುವೆ ಎಷ್ಟೋ ಊರುಗಳು ಬಂದಾಗ? ಮುನೀಂದ್ರನಿಗೆ ಮಗಳಿಲ್ಲದ ಮನೆ ಕಣ್ಣ ಮುಂದೆ ಬಂತು. ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಗಳಗಳ ಅತ್ತುಬಿಟ್ಟ.

ಸರಿಯಾಗಿ ಆಗಲೇ ಗೇಟಿನ ಮುಂದೆ ಬಂದವಳು ದಿನಾ ಹೂವು ಕೊಡುವ ಚಿಕ್ಕಮುನಿಯಮ್ಮ. ಎರಡು ದಿನ ಅಂಗಡಿಯ ಬಟ್ಟೆ ಒಣಗಲು ಕಟ್ಟಿದ್ದಾರೆ ಎಂದುಕೊಂಡು ಹೋಗಿದ್ದವಳು ಇವತ್ತು ನಿಂತು ನೋಡಿದಳು. ಬಿಳಿ ಶಾಮಿಯಾನ. ತೋರಣ ಇಲ್ಲ. ಗಂಡಸು ಹೊರಗೆ, ಹೆಂಗಸರು ಒಳಗೆ. ಕಟ್ಟಿದ ಪರದೆ. ಗಡ್ಡ ಬಿಟ್ಟ ಮಗ ಅಳುತ್ತಿದ್ದಾನೆ. ಎರಡು ದಿನದಿಂದ ಪಿಳ್ಳಮ್ಮ ಜಗಲಿಯಲ್ಲಿ ಕಂಡಿರಲಿಲ್ಲ. ಇನ್ನೇನು ಉಳಿಯಿತು? ಚಿಕ್ಕಮುನಿಯಮ್ಮ ಮೊಳ ಹಾಕುತ್ತಿದ್ದ ಕೈಯನ್ನು ನಿಲ್ಲಿಸಿ, ಕಣ್ಣೊರೆಸಿಕೊಂಡು, ಬುಟ್ಟಿಯಲ್ಲಿದ್ದ ಸುಗಂಧರಾಜದ ದೊಡ್ಡ ಹಾರವನ್ನು ತೆಗೆದು ಮೌನವಾಗಿ ಒಂದು ಕುರ್ಚಿಯ ಮೇಲೆ ಇಟ್ಟಳು. ಆಮೇಲೆ ಫೋನು ಹಿಡಿದಳು.

ಅರ್ಧ ಗಂಟೆಯೊಳಗೆ ಹತ್ತು ಕುರ್ಚಿಯೂ ತುಂಬಿದವು. ಖಾತ್ರಿ ಮಾಡಿಕೊಳ್ಳಲು ಕೆಲವರು ಮುನೀಂದ್ರನಿಗೆ ಫೋನ್ ಮಾಡಿದರು. ಅಕ್ಕಿ ಡಬ್ಬದೊಳಗೆ ಅದು ಯಾರಿಗೂ ಕೇಳದಂತೆ ಹೊಡೆದುಕೊಂಡಿತು. ಎತ್ತಲಿಲ್ಲ ಎಂದ ಮೇಲೆ ಸುದ್ದಿ ನಿಜವೇ! ಬಂದ ಗಂಡಸರು ಒಬ್ಬೊಬ್ಬರಾಗಿ ಮುನೀಂದ್ರನ ಕೈ ಹಿಡಿದು, ಒಂದು ಮಾತೂ ಆಡದೆ ಕೂತರು. ಸಾವಿನ ಮನೆಯಲ್ಲಿ ಏನಾಯಿತು ಎಂದು ಮಗನನ್ನೇ ಕೇಳುವಷ್ಟು ಅವಿವೇಕಿಗಳು ನಮ್ಮ ಗಲ್ಲಿಯಲ್ಲಿಲ್ಲ. ಹೆಂಗಸರು ಕಟ್ಟಿದ ಪರದೆ ನೋಡಿ, "ಒಳಗೆ ನೀರು ಹಾಕ್ತಿರ್ಬೇಕು" ಎಂದು ಪಿಸುಗುಟ್ಟಿಕೊಂಡು ಅಂಗಳದ ಅಂಚಿನಲ್ಲಿ ಚಾಪೆ ಹಾಸಿ ಕೂತರು.

ಮುನೀಂದ್ರನಿಗೆ ಹೃದಯ ತುಂಬಿಬಂತು. ಹೆಣ್ಣುಮಗುವನ್ನು ಬೋರ್ಡಿಂಗಿಗೆ ಕಳಿಸುವ ತಂದೆಯ ಸಂಕಟ ಇಡೀ ಹಲಸೂರಿಗೆ ಅರ್ಥವಾಯಿತಲ್ಲ! ಎಂಥಾ ಜನ! ಎಂಥಾ ಅಂತಃಕರಣ! ಅವನು ಇನ್ನೂ ಜೋರಾಗಿ ಅತ್ತ.

"ಧೈರ್ಯ ತಗೋಪ್ಪ," ಎಂದರು ಪಕ್ಕದ ಕುರ್ಚಿಯ ಮುನಿರಾಜಪ್ಪ. ಗಲ್ಲಿಗೇ ಹಿರಿಯರು. "ಮುಂದಿನ ಏರ್ಪಾಡು ಆಗ್ಬೇಕಲ್ಲ. ಜಾಗ ಗೊತ್ತಾಗಿದ್ಯಾ?"

"ಎರಡು ಜಾಗ ನೋಡಿದೀನಿ ಅಣ್ಣಾ. ಒಂದು ಬರೀ ಹೆಂಗಸ್ರಿಗೆ. ಇನ್ನೊಂದ್ರಲ್ಲಿ ಎಲ್ಲರ್ನೂ ತಗೋತಾರೆ. ಎಲ್ಲಿಗೆ ಹಾಕೋದು ಅಂತಾನೇ ತಿಳೀತಿಲ್ಲ."

ಮುನಿರಾಜಪ್ಪನವರು ಎಂಬತ್ತು ವರ್ಷಗಳಲ್ಲಿ ಬೆಂಗಳೂರಿನ ಎಲ್ಲ ಸ್ಮಶಾನಗಳನ್ನೂ ಕಂಡಿದ್ದವರು. "ಬರೀ ಹೆಂಗಸ್ರಿಗೆ ಅಂತಾನೂ ಒಂದಾಗಿದ್ಯಾ?" ಎಂದು ಬೆರಗಾದರು.

"ಒಳ್ಳೇ ಜಾಗ ಅಣ್ಣಾ. ಸುತ್ತ ಎತ್ತರದ ಗೋಡೆ, ಊಟ ತಿಂಡಿ ಎಲ್ಲ ಅವ್ರದೇ. ಆದ್ರೆ ಮೊದಲು ಎಂಟ್ರೆನ್ಸ್ ಟೆಸ್ಟ್ ಪಾಸಾಗ್ಬೇಕು."

ಮುನಿರಾಜಪ್ಪನವರು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡರು. ದುಃಖ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ ಎಂಬಂತೆ ಆಚೆ ಕಡೆಯವರಿಗೆ ಕಣ್ಣಲ್ಲೇ ಹೇಳಿದರು.

ಅಷ್ಟರಲ್ಲಿ ಆಟೋದಿಂದ ಆಸಿಮ್ ಇಳಿದ. ಜೊತೆಗೆ ಅಲಿಯಾ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅದಕ್ಕೆ ದೊಡ್ಡ ಡೇಕ್ಸಾದಲ್ಲಿ ಟೀ, ಒಂದು ಮೂಟೆ ಬನ್ನು. ಬಂದವನೇ ಮುನೀಂದ್ರನನ್ನು ತಬ್ಬಿಕೊಂಡ. "ಮುನೀ, ನಾನಿದೀನಿ ಮಗಾ. ಒಂದು ಫೋನ್ ಮಾಡ್ಬಾರ್ದಾ?"

"ಫೋನು ಅಕ್ಕಿ ಡಬ್ಬದಲ್ಲಿದೆ ಗುರು," ಎಂದ ಮುನೀಂದ್ರ ಬಿಕ್ಕುತ್ತಾ. ಆಸಿಮ್ ಅವನ ಬೆನ್ನು ಸವರಿದ. ತಮಟೆಯವರೂ ಬಂದರು. ಯಾರೂ ಕರೆದಿರಲಿಲ್ಲ. ಇಪ್ಪತ್ತೆರಡು ವರ್ಷ ಜೊತೆಗೆ ಕೆಲಸ ಮಾಡಿದ ಗೆಳೆಯನ ತಾಯಿಗೆ ತಾವೇ ಬಂದು ಬಾರಿಸದಿದ್ದರೆ ಹೇಗೆ? ಗಲ್ಲಿಯ ತುದಿಯಲ್ಲಿ ಹುಲ್ಲು ಹಚ್ಚಿ ತಮಟೆ ಕಾಯಿಸತೊಡಗಿದರು.

ತಮಟೆ ಕಂಡಾಗ ಮುನೀಂದ್ರನ ಅಳು ಅರ್ಧಕ್ಕೇ ನಿಂತಿತು. ಬೋರ್ಡಿಂಗಿಗೆ ಹೋಗುವ ಮಗುವಿಗೆ ತಮಟೆ ಯಾಕೆ? ಕುರ್ಚಿಯ ಮೇಲಿನ ಹಾರ ಕಂಡಿತು. ತಲೆಯೆತ್ತಿ ಬಿಳಿ ಬಟ್ಟೆ ನೋಡಿದ. ಹೊರಗೆ ಕೂತ ಗಂಡಸರನ್ನು ನೋಡಿದ. ಇಪ್ಪತ್ತೆರಡು ವರ್ಷದ ಅನುಭವ ಒಮ್ಮೆಗೇ ತಲೆಗೆ ಬಡಿಯಿತು. "ಅಯ್ಯಯ್ಯೋ, ಅಲ್ಲ ಕಣ್ರಪ್ಪೋ..." ಎಂದು ಎದ್ದು ನಿಂತ.

ಎದ್ದವನನ್ನು ಯಾರೂ ಗಮನಿಸಲಿಲ್ಲ. ಆ ಗಳಿಗೆಯಲ್ಲೇ ಪಿಳ್ಳಮ್ಮನ ತಂಗಿ ಜಟ್ಟೆಮ್ಮ ಕೆ.ಆರ್. ಪುರದಿಂದ ಮೆಟ್ರೋ ಹಿಡಿದು ಬಂದಿಳಿದಿದ್ದಳು. ಗೇಟಿನಿಂದಲೇ ಎದೆ ಬಡಿದುಕೊಂಡು ಶುರುಮಾಡಿದಳು.

"ಅಕ್ಕಾ! ನನ್ನ ಬಿಟ್ಟು ಹೋದ್ಯಲ್ಲೇ ಅಕ್ಕಾ! ನಿನ್ನಂಥ ಚಿನ್ನದಂಥೋಳಿಗೆ ನಾನು ಮೋಸ ಮಾಡ್ಬಿಟ್ನಲ್ಲೇ! ನಿನ್ ಹಿತ್ತಾಳೆ ಇಡ್ಲಿ ಪಾತ್ರೆ ನನ್ ಹತ್ರಾನೇ ಇದೆಯಲ್ಲೇ! ಹನ್ನೆರಡು ವರ್ಷದಿಂದ ಕಾಣೇ ಕಾಣೇ ಅಂತ ಸುಳ್ಳು ಹೇಳಿದ್ನಲ್ಲೇ ಅಕ್ಕಾ!"

ಪರದೆಯ ಗಂಟು ಒಳಗಿನಿಂದ ಪಟಪಟನೆ ಬಿಚ್ಚಿತು. ಕೈಯಲ್ಲಿ ಜಾಗಟೆಯ ಕೋಲು ಹಿಡಿದು ಪಿಳ್ಳಮ್ಮ ಪ್ರತ್ಯಕ್ಷರಾದರು.

"ಕಳ್ಳೀ! ನಿನ್ ಹತ್ರಾನಾ ಇದ್ದಿದ್ದು?"

ಹತ್ತು ಕುರ್ಚಿಗಳು ಒಟ್ಟಿಗೆ ಹಿಂದಕ್ಕೆ ಬಿದ್ದವು. ಚಿಕ್ಕಮುನಿಯಮ್ಮ ಬುಟ್ಟಿ ಬಿಟ್ಟು ಓಡಿದಳು. ಗಲ್ಲಿಯ ತುದಿಯಲ್ಲಿದ್ದ ತಮಟೆಯವರಿಗೆ ಗಲಾಟೆ ಮಾತ್ರ ಕೇಳಿಸಿದ್ದರಿಂದ ಹೆಣ ಎತ್ತಿದರು ಎಂದುಕೊಂಡು ಜೋರಾಗಿ ಬಾರಿಸಲು ಶುರುಮಾಡಿದರು. ಆ ತಾಳಕ್ಕೆ ಸರಿಯಾಗಿ ಜಟ್ಟೆಮ್ಮ ಮುಂದೆ, ಪಿಳ್ಳಮ್ಮ ಹಿಂದೆ ಶಾಮಿಯಾನದ ಕಂಬಗಳನ್ನು ಮೂರು ಸುತ್ತು ಹಾಕಿದರು. ಮೂರನೇ ಸುತ್ತಿಗೆ ಇಬ್ಬರಿಗೂ ಉಬ್ಬಸ ಬಂದು, ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು.

"ಬದುಕಿದ್ಯಲ್ಲೇ ಅಕ್ಕಾ!"

"ಪಾತ್ರೆ ಯಾವಾಗ್ ತಂದ್ಕೊಡ್ತೀಯ?"

ರಮ್ಯಶ್ರೀ ಪರದೆಯ ಬಳಿ ನಿಂತು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. "ಅತ್ತೆ, ಕೇಳಿಸ್ತಾ? ಹನ್ನೆರಡು ವರ್ಷ ಆ ಪಾತ್ರೆ ನಾನೇ ಗುಜರಿಗೆ ಹಾಕ್ದೆ ಅಂತ ನೆಂಟರಿಗೆಲ್ಲ ಹೇಳ್ಕೊಂಡ್ ಬಂದ್ರಲ್ಲ!" ಪಿಳ್ಳಮ್ಮ ವಾರ್ಡನ್ ಪದವಿಯ ಗಾಂಭೀರ್ಯದಿಂದ ಬೇರೆ ಕಡೆ ನೋಡಿದರು.

ವಿಷಯವೆಲ್ಲ ಬಯಲಾಗುವ ಹೊತ್ತಿಗೆ ಟೀ ಆರಿತ್ತು. ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕು, ತಂದ ಹಾರಗಳನ್ನು ಪಿಳ್ಳಮ್ಮನ ಕೊರಳಿಗೇ ಹಾಕಿ, ಬನ್ನು ತಿಂದರು. ಪಿಳ್ಳಮ್ಮ ನಡುವಿನ ಕುರ್ಚಿಯಲ್ಲಿ ಕೂತು, ತಾನು ಸತ್ತಿದ್ದಾಗ ಯಾರು ಯಾರು ಎಷ್ಟೆಷ್ಟು ಅತ್ತರು ಎಂದು ಹಾಜರಿ ತೆಗೆದುಕೊಂಡರು.

"ಶಾಮಿಯಾನ ಬಿಚ್ಚಿಬಿಡ್ಲಾಮ್ಮ?" ಎಂದು ಮುನೀಂದ್ರ ನೆಲ ನೋಡುತ್ತಾ ಕೇಳಿದ.

"ಇರ್ಲಿ ಬಿಡು. ಮಾಲೂರಿನ ನೆಂಟ್ರು ಇನ್ನೂ ಬಂದಿಲ್ಲ. ಅವ್ರೇನ್ ಅಂತಾರೋ ಕೇಳ್ಬೇಕು."

ಆಸಿಮ್, ಅಲಿಯಾ ಬಿಟ್ಟು ಬಂದವರೆಲ್ಲ ಹೋದ ಮೇಲೆ ಪೂಜಿತಾ ಹೊರಗೆ ಬಂದಳು. ಓದುವ ಹೊತ್ತಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಏನೋ ಬರೆದಿದ್ದಳು. ಅಲಿಯಾಳ ಜೊತೆ ಒಂದಷ್ಟು ಗುಸುಗುಸು ಮಾತಾಡಿ, ಕೊನೆಯ ಸಾಲನ್ನು ಹೊಡೆದುಹಾಕಿ ಹೊಸದು ಬರೆದಳು. ಆಮೇಲೆ ಅಲಿಯಾ ಇದ್ದಬದ್ದ ಲೋಟಗಳನ್ನೆಲ್ಲ ಒಟ್ಟು ಮಾಡಿ ನಲ್ಲಿಯ ಹತ್ತಿರ ಒಯ್ದಳು. ಪೂಜಿತಾ ಅಪ್ಪನ ಎದುರಿನ ಕುರ್ಚಿಯಲ್ಲಿ ಕೂತಳು. ಮೂರು ದಿನಗಳಲ್ಲಿ ಮಗಳು ಮೊದಲ ಸಲ ಎದುರಿಗೆ ಕೂತಿದ್ದಳು.

"ಹೇಳು ಪುಟ್ಟಿ, ಯಾವುದು? ಹುಡುಗೀರದಾ, ಕೋ-ಎಡ್ಡಾ? ನೀನು ಹೇಳಿದ್ದೇ ಫೈನಲ್ಲು. ನಂಗೇನೂ ಬೇಜಾರಿಲ್ಲ." ಹೇಳುತ್ತಲೇ ಟವೆಲ್ಲಿಗೆ ಕೈ ಹಾಕಿದ.

"ಹುಡುಗೀರ ಹಾಸ್ಟೆಲ್ ತುಂಬಾ ಚೆನ್ನಾಗಿತ್ತಪ್ಪ. ಹಪ್ಪಳ, ಚೌಕಾಬಾರ, ಎಲ್ಲ ಸೂಪರ್ರು."

"ನೋಡ್ದ್ಯಾ ರಮ್ಯಾ!" ಎಂದು ಮುನೀಂದ್ರ ಇದ್ದ ಚೂರು ಶಕ್ತಿಯಲ್ಲಿ ಎದೆಯುಬ್ಬಿಸಿದ.

"ಆದ್ರೆ ಕೋ-ಎಡ್ಡೇ ಸರಿ," ಎಂದಳು ಪೂಜಿತಾ ನೋಟ್‌ಬುಕ್ ನೋಡಿಕೊಂಡು. "ಗಂಡಸ್ರನ್ನ ಹೊರಗಡೆ ಕೂರ್ಸಿದ್ರೆ ಸುಮ್ನೆ ಇರಲ್ಲ, ಅಳ್ತಾರೆ. ಊರೆಲ್ಲ ಸೇರುತ್ತೆ. ಒಳಗೇ ಇರ್ಲಿ ಪಾಪ, ಸಾಕ್ಸ್ ಹುಡುಕ್ಕೊಂಡು."

ರಮ್ಯಶ್ರೀ ಗೆಲುವಿನ ನಗೆ ನಕ್ಕಳು. ಮುನೀಂದ್ರ ಜೇಬಿಲ್ಲದ ಬನಿಯನ್ನಿನಲ್ಲಿ ಪೆನ್ನು ಹುಡುಕುತ್ತಾ, "ಸರಿ, ಶನಿವಾರಾನೇ ಅರ್ಜಿ ಕೊಟ್ಬಿಡ್ತೀನಿ" ಎಂದ.

ಪೂಜಿತಾ ಎದ್ದು ಬಂದು ಟವೆಲ್ಲಿನ ತುದಿಯಿಂದ ಅಪ್ಪನ ಕಣ್ಣೊರೆಸಿದಳು. ಆಮೇಲೆ ಅಮ್ಮನ ಕಡೆ ತಿರುಗಿ, ದೊಡ್ಡವರು ಮಕ್ಕಳ ಬಗ್ಗೆ ಮಾತಾಡುವಾಗ ಮಾಡುವಂತೆ ಧ್ವನಿ ತಗ್ಗಿಸಿ ಹೇಳಿದಳು.

"ಈ ವರ್ಷ ಬೇಡಮ್ಮ. ಮುಂದಿನ ವರ್ಷ ನೋಡೋಣ. ಅಪ್ಪ ಇನ್ನೂ ಸ್ವಲ್ಪ ದೊಡ್ಡೋನಾಗ್ಲಿ."